ಪದ್ಮಶ್ರೀ ಪಾರ್ಟಿ, ಐದು ಜನ

12 ಆಗಸ್ಟ್ 2024, ಸೋಮವಾರ

ಆಟೋ ಇವತ್ತೂ ತಡ. ಅರಳಿಕಟ್ಟೆ ಹತ್ತಿರ ಮೂವರೂ ನನಗಿಂತ ಮುಂಚೆ ಬಂದು ನಿಂತಿದ್ದರು — ಪಕ್ಕದ ಮನೆ ಸಪ್ಪಲತ್ತೆ, ಮುನಿರತ್ನಮ್ಮ, ಮಮತ. ಇಲ್ಮಾ ದಾಬಸ್‌ಪೇಟೆಯಲ್ಲಿ ಹತ್ತಿಕೊಂಡಳು. ಸೋಂಪುರದ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಎಂದಿನಂತೆ ಪುಸ್ತಕ ತೆಗೆದು ಬರೆದುಕೊಂಡ: "ಪದ್ಮಶ್ರೀ ಪಾರ್ಟಿ, 5". ಫೋನು ಅವನ ಡಬ್ಬಕ್ಕೆ, ನೀಲಿ ಟೋಪಿ ನಮ್ಮ ತಲೆಗೆ, ಒಳಗೆ ಹೊರಟೆವು.

ಇಡೀ ದಿನ ಬಾಟಲಿ ಮುಚ್ಚಳ. ಅಂಚಿಗಂಟಿದ ಪ್ಲಾಸ್ಟಿಕ್ ಕೆರೆದು ತೆಗೆ, ಸೊಟ್ಟಗಿರುವುದನ್ನು ಎಸೆ, ಉಳಿದದ್ದು ಚೀಲಕ್ಕೆ. ಎರಡು ವರ್ಷದಿಂದ ಇದೇ. ನಿನ್ನೆ ಮನೆಯಲ್ಲಿ ಬೀನ್ಸ್ ಬಿಡಿಸುವಾಗಲೂ ಸೊಟ್ಟಗಿರುವ ಕಾಯನ್ನು ಆಚೆ ಎಸೆಯುತ್ತಿದ್ದೆನಂತೆ. ಇವರು ಟೆಂಪೋ ನಿಲ್ಲಿಸಿ ಒಳಗೆ ಬಂದವರು ನೋಡಿ ನಕ್ಕರು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಗೇಟಿಗೆ ಹೋಗಿ ಫೋನು ಇಸಿದುಕೊಂಡು ಕಾಂಟ್ರಾಕ್ಟರ್ ಮನೋಹರ್‌ಗೆ ಫೋನ್ ಮಾಡಿದೆ. ಜೂನ್ ಅರ್ಧ ತಿಂಗಳದ್ದು ಬಂದಿಲ್ಲ, ಜುಲೈ ಪೂರ್ತಿ ಬಂದಿಲ್ಲ.

"ಕಂಪನಿಯವರು ಬಿಲ್ ಪಾಸ್ ಮಾಡಿಲ್ಲ ಅಕ್ಕ. ಹಬ್ಬದೊಳಗೆ ಹಾಕ್ಬಿಡ್ತೀನಿ. ನಾನೆಲ್ಲಿಗೆ ಓಡೋಗ್ತೀನಿ ಹೇಳು."

ಎಲ್ಲಿಗೂ ಓಡುವುದಿಲ್ಲ, ನಿಜ. ನಮ್ಮ ಮನೆಯಲ್ಲಿ ಮುದ್ದೆ ಉಂಡಿದ್ದಾನೆ. ನನ್ನ ಮಗಳು ಸಂಘಮಿತ್ರ ಎಂಟನೇ ಕ್ಲಾಸು ಪಾಸಾದಾಗ ಜಾಮಿಟ್ರಿ ಬಾಕ್ಸ್ ತಂದುಕೊಟ್ಟವನು.

ವಾಪಸ್ ಬರುವಾಗ ಆಟೋದಲ್ಲಿ ಸಪ್ಪಲತ್ತೆ ಮೆಲ್ಲಗೆ ಕೇಳಿದರು. "ಅಂಗಡೀಲಿ ಇನ್ ಸಾಲ ಕೊಡಲ್ಲ ಅಂತಾವ್ನೆ. ಓಲೆ ಅಡ ಇಟ್ಬಿಡ್ಲಾ ಪದ್ಮ?"

"ಇಡಿ ಅತ್ತೆ. ಹಬ್ಬ ಕಳೀತಿದ್ದಂಗೆ ಬಿಡಿಸ್ಕೊಂಡ್ರಾಯ್ತು," ಎಂದೆ.

16 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ನಮ್ಮ ಮನೆಯಲ್ಲಿ ಮಾಡುವುದಿಲ್ಲ, ಮುನಿರತ್ನಮ್ಮನ ಮನೆಯಲ್ಲಿ ಮಾಡುತ್ತಾರೆ. ಹೋದರೆ ಕಳಶದ ಮುಂದೆ ಇಡಲು ನೋಟು ಇಲ್ಲ. ನನ್ನ ಹತ್ತಿರ ಇದ್ದ ಐನೂರನ್ನು ಇಸಿದುಕೊಂಡು ಇಟ್ಟಳು. ಪೂಜೆ ಆದಮೇಲೆ ವಾಪಸ್ ಕೊಟ್ಟಳು, ಅರಿಶಿನ ಕುಂಕುಮ ಹತ್ತಿತ್ತು.

ಮನೋಹರ್ ಫೋನು ಎತ್ತಲಿಲ್ಲ. ಸ್ಟೇಟಸ್‌ನಲ್ಲಿ ಲಕ್ಷ್ಮಿ ಫೋಟೋ ಹಾಕಿದ್ದಾನೆ — ಎಲ್ಲರಿಗೂ ಐಶ್ವರ್ಯ ಸಿಗಲಿ ಅಂತೆ.

ಸಪ್ಪಲತ್ತೆ ಓಲೆ ಇಟ್ಟು ಬಂದಿದ್ದಾರೆ. ತೂತು ಮುಚ್ಚಿಹೋಗದಿರಲಿ ಎಂದು ಎರಡೂ ಕಿವಿಗೆ ಬೇವಿನಕಡ್ಡಿ. "ನಂಗೆ ಮದ್ವೇಗ್ ಮುಂಚೆ ಹಿಂಗೇ ಇದ್ದಿದ್ದು ಕಣಮ್ಮ, ವಯಸ್ಸು ಕಮ್ಮಿ ಆದಂಗ್ ಕಾಣಲ್ವಾ?" ಎಂದು ಅವರೇ ನಗಿಸಿದರು.

2 ಸೆಪ್ಟೆಂಬರ್, ಸೋಮವಾರ

ಕೆಲಸ ಹೋಯಿತು.

ಶನಿವಾರ ಐದೂ ಜನ ಬೇಕರಿ ಮೇಲಿನ ಮನೋಹರ್ ಆಫೀಸಿಗೆ ಹೋಗಿ ಗಟ್ಟಿಯಾಗಿ ಕೇಳಿದ್ದೆವು. ಗಟ್ಟಿಯಾಗಿ ಕೇಳಿದವಳು ನಾನು. ಉಳಿದವರು ಮೆಟ್ಟಿಲ ಮೇಲೆ ನಿಂತಿದ್ದರು. "ಸೋಮವಾರ ನೋಡಣ ಅಕ್ಕ" ಎಂದಿದ್ದ. ಇವತ್ತು ಸೋಮವಾರ ನೋಡಿಸಿದ. ಗೇಟಿನಲ್ಲಿ ಸೆಕ್ಯೂರಿಟಿ ಪುಸ್ತಕ ತೆಗೆಯಲೇ ಇಲ್ಲ. "ಪದ್ಮಶ್ರೀ ಪಾರ್ಟಿ ಇವತ್ತಿಂದ ಬೇಡ ಅಂದವ್ರೆ." ನಮ್ಮ ಕಣ್ಣೆದುರೇ ವ್ಯಾನಿನಿಂದ ಒಡಿಶಾ ಹುಡುಗಿಯರು ಇಳಿದು ಒಳಗೆ ಹೋದರು. ತಲೆಗೆ ನಮ್ಮದೇ ನೀಲಿ ಟೋಪಿ. ತೊಳೆದಿದ್ದರೋ ಇಲ್ಲವೋ.

ಎರಡೂವರೆ ತಿಂಗಳ ಸಂಬಳ, ಐದು ಜನರದ್ದು. ಅವನಿಗೂ ನಮಗೂ ನಡುವೆ ಒಂದು ಚೀಟಿಯೂ ಇಲ್ಲ. ಬಾಯಿ ಮಾತಲ್ಲಿ ಕರೆದ, ಬಾಯಿ ಮಾತಲ್ಲಿ ಹೋದೆವು. ಆಗ ಚೀಟಿ ಕೇಳಿದ್ದರೆ ನಾಚಿಕೆಯಾಗುತ್ತಿತ್ತು. ಅಕ್ಕ ಎನ್ನುವವನ ಹತ್ತಿರ ಯಾರು ಬರೆಸಿಕೊಳ್ಳುತ್ತಾರೆ?

19 ಸೆಪ್ಟೆಂಬರ್, ಗುರುವಾರ

ನೆಲಮಂಗಲಕ್ಕೆ ಹೋಗಿದ್ದೆವು, ಲೇಬರ್ ಇನ್‌ಸ್ಪೆಕ್ಟರ್ ನೋಡಲು. ಹೆಂಗಸು. ಹೆಂಗಸು ಎಂದು ಸಮಾಧಾನವಾಯಿತು, ಯಾಕೋ. ಟೇಬಲ್ಲಿನ ಮೇಲೆ ಫೈಲು ಎಷ್ಟಿತ್ತೆಂದರೆ ಅವರ ಮುಖ ನೋಡಲು ನಾನು ಎದ್ದು ನಿಲ್ಲಬೇಕಾಯಿತು.

"ಅಪಾಯಿಂಟ್‌ಮೆಂಟ್ ಲೆಟರ್?"

"ಇಲ್ಲ ಮೇಡಂ."

"ಐಡಿ ಕಾರ್ಡು? ಪಿಎಫ್, ಇಎಸ್‌ಐ ಏನಾದ್ರೂ?"

"ಇಲ್ಲ ಮೇಡಂ."

"ಕೆಲಸ ಮಾಡೋ ಜಾಗದಲ್ಲಿ ಒಂದು ಫೋಟೋ ಆದ್ರೂ?"

ಫೋನು ಒಳಗೆ ಬಿಡುತ್ತಿರಲಿಲ್ಲ. ಆಗ ಮಮತ ಉಬ್ಬಿಕೊಂಡು ತನ್ನ ಫೋನು ತೆಗೆದಳು. ಹೋದ ವರ್ಷ ಮನೋಹರ್ ನಮ್ಮನ್ನೆಲ್ಲ ವ್ಯಾನಿನಲ್ಲಿ ಶಿವಗಂಗೆಗೆ ಕರೆದುಕೊಂಡು ಹೋಗಿದ್ದ. ಬೆಟ್ಟದ ಬಸವನ ಮುಂದೆ ತೆಗೆದ ಫೋಟೋ. ನಡುವೆ ಅವನು, ಸುತ್ತ ನಾವು. ಇಲ್ಮಾ ಕೈಯಲ್ಲಿ ಸೌತೆಕಾಯಿ.

ಮೇಡಂ ತುಂಬ ಹೊತ್ತು ನೋಡಿದರು. ನಗಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. "ಇದು ನೀವು ಬೆಟ್ಟಕ್ಕೆ ಹೋಗಿದ್ದಕ್ಕೆ ಸಾಕ್ಷಿ ಆಗುತ್ತಮ್ಮ. ದುಡ್ಡು ಹೆಂಗೆ ಕೊಡ್ತಿದ್ದ?"

"ಬ್ಯಾಂಕಿಗೆ ಹಾಕೋರು ಮೇಡಂ."

"ಹಂಗಾದ್ರೆ ಸ್ಟೇಟ್‌ಮೆಂಟ್ ತನ್ನಿ. ಅದೊಂದಿದ್ರೆ ಹಿಡ್ಕೋಬೋದು."

ಬಸ್ಸಿನಲ್ಲಿ ಬರುವಾಗ ಎಲ್ಲರೂ ಕಡಲೆಕಾಯಿ ತಿಂದೆವು. ಬಹಳ ದಿನದ ಮೇಲೆ ಮುನಿರತ್ನಮ್ಮ ಜೋಕು ಹೇಳಿದಳು. ಬರೆಯುವಂಥದ್ದಲ್ಲ.

23 ಸೆಪ್ಟೆಂಬರ್

ಸ್ಟೇಟ್‌ಮೆಂಟ್ ತಂದೆ. ಪ್ರತಿ ತಿಂಗಳೂ ಮನೋಹರ್ ಹೆಸರಿನಿಂದ ದುಡ್ಡು ಬಂದದ್ದು ಅಚ್ಚುಕಟ್ಟಾಗಿ ಅಚ್ಚಾಗಿದೆ. ಐದೂ ಜನರದ್ದು ಸೇರಿಸಿ ನನ್ನ ಅಕೌಂಟಿಗೇ ಹಾಕುತ್ತಿದ್ದ. ಹಾಗೆ ಮಾಡು ಎಂದು ಹೇಳಿದವರೂ ನಾವೇ. ಸಪ್ಪಲತ್ತೆಯ ಅಕೌಂಟಿಗೆ ಬಿದ್ದರೆ ಸಂಘದ ಸಾಲದ ಕಂತು ಅಲ್ಲೇ ಕಟ್ಟಾಗುತ್ತಿತ್ತು. ಮುನಿರತ್ನಮ್ಮನ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ. ಮಮತಳದ್ದು ಮಿನಿಮಮ್ ಬ್ಯಾಲೆನ್ಸ್ ಇಲ್ಲದೆ ಮುಚ್ಚಿತ್ತು, ಇಲ್ಮಾಳ ಆಧಾರಿನಲ್ಲಿ ಹೆಸರು ತಪ್ಪು. "ಪದ್ಮಕ್ಕನ ಅಕೌಂಟಿಗೆ ಹಾಕ್ಬಿಡಿ" — ಒಂದೇ ಬಾಯಲ್ಲಿ ಹೇಳಿದ್ದರು. ಡ್ರಾ ಮಾಡಿ ಅರಳಿಕಟ್ಟೆ ಮೇಲೆ ಕೂತು ಹಂಚುತ್ತಿದ್ದೆ. ಒಂದು ರೂಪಾಯಿ ಆಚೀಚೆ ಆಗಿಲ್ಲ.

ಮೂರು ಜೆರಾಕ್ಸ್ ಮಾಡಿಸಿ, ಐದೂ ಜನರ ಹೆಸರಲ್ಲಿ ನಾನೇ ಅರ್ಜಿ ಬರೆದು ಕೊಟ್ಟೆ. ಕೈಯಲ್ಲಿ ಕಾಗದವಿದ್ದರೆ ನಡಿಗೆಯೇ ಬೇರೆ.

8 ಅಕ್ಟೋಬರ್, ಮಂಗಳವಾರ

ಮೊದಲ ಹಿಯರಿಂಗ್. ಮನೋಹರ್ ಬರಲಿಲ್ಲ. ಮೇಡಂಗೂ ಎಲ್ಲೋ ಟ್ರೈನಿಂಗ್. ಕ್ಲರ್ಕು ಜೆರಾಕ್ಸ್ ಇಸಿದುಕೊಂಡು ಸೀಲು ಹಾಕಿದ. ಬಂದದ್ದಕ್ಕೆ ಅದೊಂದು ಲಾಭ. ಮುಂದಿನ ತಿಂಗಳು ಬನ್ನಿ.

ಬಸ್ ಚಾರ್ಜು ಐದು ಜನರದ್ದು ನಾನೇ ಕೊಟ್ಟೆ. ಇಲ್ಮಾ ಟೇಲರ್ ಅಂಗಡಿಗೆ ಕಾಜಾ ಹೊಲಿಯಲು ಹೋಗುತ್ತಿದ್ದಾಳೆ, ಅರ್ಧ ದಿನದ ಕೂಲಿ ಹೋಯಿತು. "ಅಮ್ಮಿ ಬಯ್ತಾರೆ ಅಕ್ಕ. ಇನ್ನೊಂದ್ ಸಲ ಆದ್ರೆ ಬರ್ತೀನಿ, ಆಮೇಲೆ ಆಗಲ್ಲ."

11 ಅಕ್ಟೋಬರ್

ಆಯುಧಪೂಜೆ. ಬೇಕರಿ ಮುಂದೆ ಮನೋಹರ್ ಹೊಸ ಕಾರಿಗೆ ಕುಂಬಳಕಾಯಿ ಒಡೆದ. ರಸ್ತೆಯ ಈಚೆ ನಿಂತು ನೋಡಿದೆ. ಹತ್ತಿರ ಹೋಗಿ ಕೊರಳಪಟ್ಟಿ ಹಿಡಿಯಬೇಕು ಎನಿಸಿತು. ಅವನು ಕೈ ಎತ್ತಿ "ಹಬ್ಬದೂಟ ಆಯ್ತಾ ಅಕ್ಕ" ಎಂದ. ನನ್ನ ನಾಲಿಗೆ, ಈ ಹಾಳು ನಾಲಿಗೆ, "ಆಯ್ತಣ್ಣ" ಎಂದಿತು.

4 ನವೆಂಬರ್, ಸೋಮವಾರ

ದೀಪಾವಳಿ ಕಳೆದ ಮೇಲೆ ಸ್ವೀಟ್ ಬಾಕ್ಸ್ ಹಿಡಿದು ಅವನೇ ಬಂದ. ಹೊಸ ಕಾರು ನಮ್ಮ ಬೀದಿಯಲ್ಲಿ ತಿರುಗುವುದಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಿಸಿದ. ಇವರೂ ಮನೆಯಲ್ಲಿದ್ದರು.

"ನೋಡು ಅಶೋಕಣ್ಣ, ಅಕ್ಕಂಗೆ ನೀನಾದ್ರೂ ಹೇಳು. ಅಕ್ಕನ್ದು ನಾನ್ ಕೊಟ್ಬಿಡ್ತೀನಿ, ಪೂರ್ತಿ. ಮಿಕ್ಕಿದ್ದು ನಿಧಾನಕ್ಕೆ ನೋಡಣ. ಅರ್ಜಿ ಒಂದು ವಾಪಸ್ ತಗೊಂಡ್ಬಿಡ್ಲಿ."

"ನಿಧಾನಕ್ಕೆ ಅಂದ್ರೆ ಎಷ್ಟು ನಿಧಾನಕ್ಕಣ್ಣ?" ಎಂದೆ.

"ಅವ್ರನ್ನ ಕರ್ಕೊಂಬಂದಿದ್ದು ನೀನಲ್ವಾ ಅಕ್ಕ. ಅವ್ರಿಗೆ ನೀನ್ ಹೇಳಿದ್ರೆ ಕೇಳ್ತಾರೆ."

ಒಲ್ಲೆ ಎಂದೆ. ಬಾಕ್ಸನ್ನೂ ಅವನ ಕೈಗೇ ಕೊಟ್ಟೆ. ಟೆಂಪೋ ಕಂತು ಎರಡು ತಿಂಗಳದ್ದು ನಿಂತಿದೆ. ಊಟಕ್ಕೆ ಕೂತಾಗ ಇವರದು ಒಂದೇ ಮಾತು: "ನಿನ್ ತಲೆ ಮೇಲೆ ನೀನೇ ಕಲ್ಲ್ ಹಾಕ್ಕೊಂತಿದೀಯ ಕಣೇ."

ಕಾರು ಹೋದಮೇಲೆ ನೋಡಿದರೆ ಎದುರುಮನೆ ಜಗಲಿಯ ಮೇಲೆ ಮುನಿರತ್ನಮ್ಮ ಕೂತಿದ್ದಳು. ಏನು ಬಂದಿದ್ದ ಎಂದು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಎದ್ದು ಒಳಗೆ ಹೋದಳು. ನಾನೇ ಹೋಗಿ ಹೇಳಬೇಕಿತ್ತು... ಸುಸ್ತಾಗಿತ್ತು, ಹೋಗಲಿಲ್ಲ.

12 ನವೆಂಬರ್, ಮಂಗಳವಾರ

ಹೇಗೆ ಬರೆಯುವುದು. ನಡೆದ ಹಾಗೇ ಬರೆಯುತ್ತೇನೆ.

ಎರಡನೇ ಹಿಯರಿಂಗಿಗೆ ಮನೋಹರ್ ಬಂದ. ಜೊತೆಗೆ ವಕೀಲ, ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಕೋಟು. ಒಳಗೆ ಕೂರುವಾಗ ಮನೋಹರ್ ನನ್ನನ್ನು ಕೇಳಿದ, "ಸಂಘಮಿತ್ರ ಹೆಂಗೋದ್ತಾವ್ಳೆ ಅಕ್ಕ?" ಎಂದಿನ ದನಿಯೇ. ಅದೇ ನನಗೆ ಭಯವಾದದ್ದು.

ವಕೀಲ ಎದ್ದು, "ಮೇಡಂ, ಈ ಹೆಂಗಸರು ನಮ್ಮ ಕ್ಲೈಂಟಿನ ಕೆಲಸಗಾರರೇ ಅಲ್ಲ. ಲೇಬರ್ ಸಪ್ಲೈಗೆ ಪದ್ಮಶ್ರೀ ಅನ್ನೋರಿಗೆ ಸಬ್ ಕಾಂಟ್ರಾಕ್ಟ್ ಕೊಟ್ಟಿದ್ರು. ಉಳಿದ ನಾಲ್ಕು ಜನ ಆಕೆಯ ಲೇಬರ್," ಎಂದ.

ನಾನು ನಕ್ಕುಬಿಟ್ಟೆ. ಯಾರೂ ನಗಲಿಲ್ಲ.

ವಕೀಲ ಒಂದೊಂದೇ ಕಾಗದ ಟೇಬಲ್ಲಿನ ಮೇಲೆ ಇಟ್ಟ. ಗೇಟಿನ ಪುಸ್ತಕದ ಜೆರಾಕ್ಸ್: ದಿನವೂ ಪದ್ಮಶ್ರೀ ಪಾರ್ಟಿ, 5. ಬೇರೆ ಯಾರ ಹೆಸರೂ ಇಲ್ಲ. ಮಾರ್ಚಿನಲ್ಲಿ ನಾನು ಕಳಿಸಿದ ವಾಟ್ಸಾಪ್: "ಅಣ್ಣ ನನ್ನ ಹುಡುಗಿಯರಿಗೆ ಈ ತಿಂಗಳದ್ದು ಬೇಗ ಹಾಕಿ." ಸಪ್ಪಲತ್ತೆಗೆ ಅರವತ್ತರ ಹತ್ತಿರ. ಪ್ರೀತಿಗೆ ಹುಡುಗಿಯರು ಎಂದು ಬರೆದಿದ್ದೆ. ಕೊನೆಗೆ ಸೀಲು ಬಿದ್ದಿದ್ದ ನನ್ನದೇ ಸ್ಟೇಟ್‌ಮೆಂಟ್. ಪ್ರತಿ ತಿಂಗಳೂ ಒಂದೇ ಮೊತ್ತ, ಒಂದೇ ಅಕೌಂಟು. "ಕಾರ್ಮಿಕಳಿಗೆ ತಿಂಗಳಿಗೆ ಇಷ್ಟು ಸಂಬಳ ಇರುತ್ತಾ ಮೇಡಂ? ಇದು ಗುತ್ತಿಗೆದಾರಳ ಪೇಮೆಂಟು. ಕೊನೆ ಎರಡೂವರೆ ತಿಂಗಳದ್ದು ಕ್ಯಾಶಲ್ಲಿ ಕೊಟ್ಟಾಗಿದೆ. ಆಕೆ ಹಂಚಿಲ್ಲ ಅಂದ್ರೆ ನಮ್ಮ ಕ್ಲೈಂಟ್ ಏನ್ ಮಾಡ್ಬೇಕು?"

"ಕ್ಯಾಶ್ ಕೊಟ್ಟಿದ್ದಕ್ಕೆ ರಸೀದಿ ಎಲ್ಲಿ?" ಎಂದರು ಮೇಡಂ.

"ಬಾಯಿ ಮಾತಿನ ವ್ಯವಹಾರ ಮೇಡಂ, ಅವ್ರೇ ಅರ್ಜೀಲಿ ಬರ್ದಿದಾರಲ್ಲ."

ಕಂಪನಿಯಿಂದಲೂ ಕಾಗದ ಬಂದಿತ್ತು. ಮನೋಹರ್‌ನ ಬಿಲ್ಲು ಜುಲೈವರೆಗೆ ಪೂರ್ತಿ, ಆಗಸ್ಟ್ ಮೊದಲ ವಾರದಲ್ಲೇ ಕಟ್ಟಿದ್ದಾರೆ. ಬಿಲ್ ಪಾಸಾಗಿಲ್ಲ ಎಂದು ನಮಗೆ ಹೇಳಿದ ದಿನವೇ ದುಡ್ಡು ಅವನ ಕೈಯಲ್ಲಿತ್ತು. ಆ ಹೆಸರಿನ ಹೆಂಗಸರು ನಮ್ಮಲ್ಲಿ ಕೆಲಸ ಮಾಡಿದ ದಾಖಲೆ ಇಲ್ಲ ಎಂದೂ ಬರೆದಿದ್ದರು.

ಅವರು ಹೋದಮೇಲೆ ಮೇಡಂ ಕನ್ನಡಕ ತೆಗೆದರು. "ನಂಗೆ ಗೊತ್ತಾಗುತ್ತಮ್ಮ ಏನ್ ನಡ್ದಿದೆ ಅಂತ. ನಂಗೆ ಗೊತ್ತಾದ್ರೆ ಸಾಲ್ದು, ಫೈಲಲ್ಲಿ ಇರ್ಬೇಕು. ಈ ಕಾಗದಗಳ ಮೇಲೆ ಅವನನ್ನ ಹಿಡಿಯೋಕಾಗಲ್ಲ. ನಿಜ ಹೇಳ್ಬೇಕಂದ್ರೆ, ಇವ್ರು ನಾಲ್ಕು ಜನ ನಿಮ್ಮ ಮೇಲೆ ಅರ್ಜಿ ಹಾಕಿದ್ರೆ ಅದು ಗಟ್ಟಿಯಾಗಿ ನಿಲ್ಲುತ್ತೆ. ಆಮೇಲೆ ನೀವು ಸಿವಿಲ್ ಕೋರ್ಟಲ್ಲಿ ಅವನ ಮೇಲೆ ಹಾಕ್ಕೋಬೇಕು."

"ಎಷ್ಟ್ ದಿನ ಆಗುತ್ತೆ ಮೇಡಂ, ಕೋರ್ಟಲ್ಲಿ?"

ಮೇಡಂ ಮತ್ತೆ ಕನ್ನಡಕ ಹಾಕಿಕೊಂಡರು. ಮುಂದಿನವರನ್ನು ಕರೆದರು.

ಬಸ್ ಸ್ಟಾಪಿನಲ್ಲಿ ಮುನಿರತ್ನಮ್ಮ ನನ್ನ ಮುಖ ನೋಡದೆ ಕೇಳಿದಳು. "ಕ್ಯಾಶ್ ಕೊಟ್ನಾ ಪದ್ಮ? ಅವತ್ತು ಕಾರು ನಿಮ್ಮನೆ ಮುಂದೆ ಬಲೇ ಹೊತ್ತು ನಿಂತಿತ್ತು."

ಸಪ್ಪಲತ್ತೆ "ಬಾಯ್ಮುಚ್ಚು" ಎಂದರು ಅವಳಿಗೆ. ಮಮತ, ಇಲ್ಮಾ ರಸ್ತೆ ನೋಡುತ್ತಿದ್ದರು. ನಾನು ಆಣೆ ಪ್ರಮಾಣ ಮಾಡಲಿಲ್ಲ. ಎರಡು ವರ್ಷ ಅರಳಿಕಟ್ಟೆ ಮೇಲೆ ಕೈಗೆ ಎಣಿಸಿ ಕೊಟ್ಟವಳು ಇನ್ನೇನು ಮಾಡಿ ತೋರಿಸಲಿ? ಬಸ್ಸು ಬಂತು. ಅವರು ಹತ್ತಿದರು. ನಾನು ಮುಂದಿನ ಬಸ್ಸಿಗೆ ಬಂದೆ.

ಎಷ್ಟು ಅತ್ತುಬಿಟ್ಟೆ ಎಂದರೆ ಪಕ್ಕದಲ್ಲಿ ಕೂತ ಹೂವಿನವಳು ತನ್ನ ನೀರಿನ ಬಾಟಲಿ ಕೊಟ್ಟಳು. ಅದರ ಮುಚ್ಚಳದ ಅಂಚು ಸೊಟ್ಟಗಿತ್ತು. ನಮ್ಮ ಕೈಯಿಂದ ತಪ್ಪಿಸಿಕೊಂಡದ್ದೇ ಇರಬೇಕು.

25 ನವೆಂಬರ್

ಗಿರವಿ ಅಂಗಡಿಯವನು ಸಪ್ಪಲತ್ತೆಯ ಓಲೆ ಕರಗಿಸಿಬಿಟ್ಟ. ಮೂರು ತಿಂಗಳ ಗಡುವು ಅಂತೆ, ಬಡ್ಡಿ ಕಟ್ಟಿಲ್ಲವಂತೆ. ಅವರಮ್ಮ ಕೊಟ್ಟ ಓಲೆ. ಇವರು ಹೇಳಿದ್ದರಿಂದ ಗೊತ್ತಾಯಿತು. ಅತ್ತೆ ನನಗೆ ಹೇಳಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ನೋಡಿದೆ, ಕಿವಿಯಲ್ಲಿ ಕಡ್ಡಿಯೂ ಇಲ್ಲ.

ಇಡಿ ಅತ್ತೆ ಎಂದವಳು ನಾನು.

26 ನವೆಂಬರ್

ಕೆಲಸಕ್ಕೆ ಅಲೆದೆ. ಸೋಂಪುರದಲ್ಲಿ ಎರಡು ಕಡೆ ಗೇಟಿನಲ್ಲೇ ಕೇಳಿದರು, "ಕೇಸ್ ಹಾಕಿದ್ದು ನೀವೇನಾ?"

9 ಡಿಸೆಂಬರ್, ಸೋಮವಾರ

ಸಾಯಂಕಾಲ ಸಪ್ಪಲತ್ತೆ ಮಡಿಲ ತುಂಬ ಅವರೆಕಾಯಿ ತಂದು ನಮ್ಮ ಜಗಲಿಯ ಮೇಲೆ ಸುರಿದು ಕೂತರು. ಬಂದೇ ತಿಂಗಳಾಗಿತ್ತು. ಕಾಫಿ ಕೊಟ್ಟೆ. ಇಬ್ಬರೂ ಕಾಯಿ ಸುಲಿಯಲು ಶುರುಮಾಡಿದೆವು. ನೋಡಿದರೆ ಇಬ್ಬರೂ ಸೊಟ್ಟಗಿರುವ ಕಾಯಿಗಳನ್ನು ಬೇರೆ ಗುಡ್ಡೆ ಹಾಕುತ್ತಿದ್ದೇವೆ. ಅವರೂ ನೋಡಿದರು. ನಗು ಬಾಯಿತನಕ ಬಂದು ನಿಂತಿತು.

"ಪದ್ಮ, ನಂಗೊಂದ್ ಕೆಲ್ಸ ಆಗ್ಬೇಕು ಕಣಮ್ಮ."

"ಹೇಳಿ ಅತ್ತೆ."

"ಮುನಿರತ್ನನ ಗಂಡ ನೆಲಮಂಗಲದಾಗೆ ಒಬ್ಬ ಲಾಯರ್ ಹತ್ರ ಕೇಳ್ಕೊಂಡ್ ಬಂದವ್ನೆ. ಆ ಮೇಡಂ ಹೇಳಿದ್ನೇ ಅವ್ನೂ ಹೇಳಿದ್ನಂತೆ. ನಿನ್ ಮೇಲೆ ಹಾಕಿದ್ರೇನೆ ಏನಾದ್ರೂ ಆಯ್ತದಂತೆ. ಮಮತ, ಇಲ್ಮಾ ಇಬ್ರೂ ಹೂಂ ಅಂದವ್ರೆ." ಕಾಳನ್ನೇ ನೋಡುತ್ತಿದ್ದರು. "ನಾನು ಬ್ಯಾಡ ಅಂದೆ. ಆಮೇಲೆ... ನಂಗೂ ವಯಸ್ಸಾಯ್ತು ಕಣಮ್ಮ. ಇನ್ಯಾವಾಗ್ ದುಡೀಲಿ."

"ನಾನ್ ದುಡ್ಡು ತಗೊಂಡಿದೀನಿ ಅಂತ ನಿಮಗೂ ಅನ್ಸುತ್ತಾ ಅತ್ತೆ?"

"ಥೂ, ಬುಡ್ತು ಅನ್ನು. ನೀನ್ ತಿನ್ನೋಳಲ್ಲ. ನಂಗ್ ಗೊತ್ತಿಲ್ವಾ."

"ಮತ್ತೆ?"

"ಅವ್ನ್ ಮ್ಯಾಲೆ ಹಾಕಕ್ಕೆ ಏನೂ ಇಲ್ವಲ್ಲಮ್ಮ. ನಿನ್ ಮ್ಯಾಲೆ ಹಾಕಕ್ಕೆ ಎಲ್ಲಾ ಐತೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ.

ಆಮೇಲೆ ಸೆರಗಿನಿಂದ ಎರಡು ಬಿಳಿ ಹಾಳೆ ತೆಗೆದರು, ಮಡಿಸಿ ಮಡಿಸಿ ಮೆತ್ತಗಾಗಿದ್ದವು. "ಆಫೀಸ್ ಮುಂದೆ ಬರೆಯೋನು ಐನೂರು ಕೇಳ್ತಾನೆ. ನಿನ್ ಅಕ್ಷರ ಚೆನ್ನಾಗೈತಲ್ಲ, ಹೋದ್ ಸಲಾನೂ ನೀನೇ ಬರ್ದಿದ್ದು. ನೀನೇ ಬರ್ಕೊಡು ತಾಯಿ."

ಹಾಳೆ ಇಸಿದುಕೊಂಡೆ. ಹೋಗುವಾಗ ಸುಲಿದ ಕಾಳಿನಲ್ಲಿ ಅರ್ಧ ನನ್ನ ಮೊರಕ್ಕೆ ಸುರಿದು ಹೋದರು. ಬೇಡ ಎಂದರೂ ಕೇಳಲಿಲ್ಲ.

ಇವರಿಗೆ ಹೇಳಿದೆ. ಬರೆದರೆ ಕೈ ಮುರಿಯುತ್ತೇನೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, ನೋಟೀಸ್ ಬಂದರೆ ಟೆಂಪೋ ಯಾರ ಹೆಸರಲ್ಲಿದೆ ಗೊತ್ತಾ ಎಂದು ಕೇಳಿದರು. ಗೊತ್ತು. ಹೆಂಗಸರ ಹೆಸರಿಗೆ ಬಡ್ಡಿ ಕಡಿಮೆ ಎಂದು ನನ್ನ ಹೆಸರಲ್ಲೇ ತೆಗೆಸಿದ್ದು.

ಕಾಳಿನ ಸಾರು ಮಾಡಿದೆ. ಮಗಳು ಎರಡು ಸಲ ಹಾಕಿಸಿಕೊಂಡಳು.

10 ಡಿಸೆಂಬರ್, ಬೆಳಗ್ಗೆ 11

ಮನೆಯಲ್ಲಿ ಯಾರೂ ಇಲ್ಲ. ಬರೆಯದಿದ್ದರೆ ಅವರು ಐನೂರು ಕೊಟ್ಟು ಬರೆಸುತ್ತಾರೆ. ಆ ಐನೂರನ್ನೂ ಸಪ್ಪಲತ್ತೆ ಎಲ್ಲಿಂದ ತರಬೇಕು, ಇಡಲು ಇನ್ನೇನು ಉಳಿದಿದೆ.

ಹಾಳೆ ಎರಡೇ ಇವೆ, ಹಾಳಾಗಬಾರದು. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ರವರಿಗೆ,
ಕಾರ್ಮಿಕ ನಿರೀಕ್ಷಕರು, ನೆಲಮಂಗಲ.

ಮಾನ್ಯರೇ,

ವಿಷಯ: ಬಾಕಿ ಕೂಲಿ ಕೊಡಿಸಿಕೊಡುವ ಬಗ್ಗೆ.

ಈ ಕೆಳಗೆ ಸಹಿ ಮಾಡಿರುವ ನಾವು ಐದು ಜನ

ಕೈ ತಾನಾಗಿ ಬರೆಯಿತು. ಹೊಡೆದುಹಾಕಿದ್ದೇನೆ. ಇನ್ನೊಮ್ಮೆ.

ಈ ಕೆಳಗೆ ಸಹಿ ಮಾಡಿರುವ ನಾವು ನಾಲ್ಕು ಜನ ಹೆಂಗಸರು ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ನಮ್ಮದೇ ಊರಿನ ಗುತ್ತಿಗೆದಾರರಾದ ಶ್ರೀಮತಿ ಪದ್ಮಶ್ರೀ ಕೋಂ ಅಶೋಕ್ ಎಂಬುವರು ನಮ್ಮನ್ನು ನಂಬಿಸಿ ಕರೆದುಕೊಂಡು ಹೋಗಿ, ಎರಡೂವರೆ ತಿಂಗಳು ದುಡಿಸಿಕೊಂಡು, ಸದರಿಯವರು ಇದುವರೆಗೂ ನಮಗೆ